ಮೂರೂ ಇಪ್ಪತ್ತರ ಬಸ್ಸಿನ ವಸುಂಧರೆ

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳನ್ನು ಕೂಗುವ ಮರುಳಪ್ಪನಿಗೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ಸಾಹಿತ್ಯಪ್ರಚಾರದ ಹುಚ್ಚು ಹತ್ತಿತು. ಆ ವಯಸ್ಸಿಗೆ ಸಕ್ಕರೆ ಕಾಯಿಲೆ ಹತ್ತಬಹುದಿತ್ತು, ಪಂಚಾಯ್ತಿ ರಾಜಕೀಯ ಹತ್ತಬಹುದಿತ್ತು. ಎರಡಕ್ಕೂ ಊರಿನಲ್ಲಿ ಬೇಕಾದಷ್ಟು ಜೊತೆಗಾರರಿದ್ದರು. ಇದಕ್ಕೆ ಒಬ್ಬನೂ ಇರಲಿಲ್ಲ.

ಅವನು ಪ್ರಚಾರ ಮಾಡುತ್ತಿದ್ದದ್ದು ಒಂದೇ ಒಂದು ಕಥೆಯನ್ನು. ಅದು ಪುಸ್ತಕವಾಗಿರಲಿಲ್ಲ, ಮೊಬೈಲಿನ ಒಂದು ಆಪಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಬರುತ್ತಿತ್ತು. ಹೆಸರು ‘ಬೇಲಿಯಾಚೆ ಒಂದು ಸುಳಿವು’. ಬರೆದವರ ಹೆಸರಿನ ಜಾಗದಲ್ಲಿ ‘ಆರ್.ಎಂ.’ ಎಂದಷ್ಟೇ ಇತ್ತು. ಮದುವೆಯಾಗಿ ದಾವಣಗೆರೆ ಸೇರಿದ್ದ ಮಗಳು ಸ್ವಪ್ನ ಒಂದು ದಿನ ಅದರ ಲಿಂಕು ಕಳಿಸಿ, “ಅಪ್ಪ, ಸುಮ್ನೆ ಓದು. ಇದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ, ಅದ್ರಲ್ಲೂ ಕ್ರಾಸೋವರ್ರು” ಎಂದಿದ್ದಳು. ಅಂದರೆ, ಯಾರೋ ಸೃಷ್ಟಿಸಿದ ಪಾತ್ರಗಳನ್ನು ಅಭಿಮಾನಿಗಳು ಎತ್ತಿಕೊಂಡು ಹೋಗಿ ತಮ್ಮದೇ ಕಥೆ ಬರೆಯುವುದು. ಅದರಲ್ಲೂ ಒಂದು ಕಥೆಯವರನ್ನು ಇನ್ನೊಂದು ಕಥೆಯ ಮನೆಯೊಳಗೆ ನುಗ್ಗಿಸುವುದು.

ಇಲ್ಲಿ ನುಗ್ಗಿದವನು ಪತ್ತೇದಾರ ತ್ರಿಯಂಬಕ. ಮರುಳಪ್ಪನ ಯೌವನದ ದೇವರು. ನೂರ ಹನ್ನೆರಡು ಕಾದಂಬರಿಗಳಲ್ಲಿ ಕಳ್ಳರನ್ನು ಹಿಡಿದಿದ್ದ, ಒಂದರಲ್ಲೂ ನಕ್ಕಿರಲಿಲ್ಲ. ಅವುಗಳಲ್ಲಿ ತೊಂಬತ್ತೆಂಟು ಮರುಳಪ್ಪನ ಮನೆಯ ಗೂಡಿನಲ್ಲಿದ್ದವು. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿ ರಾಧಮ್ಮನಿಗೆ ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಆಕೆ ಹತ್ತನೆಯ ಪುಟಕ್ಕೇ, ಅವರೆಕಾಯಿ ಸುಲಿಯುತ್ತಾ, “ಕೊಂದೋನು ಆ ಅಡುಗೆಯವ್ನೇ ಅಲ್ವಾ?” ಎಂದುಬಿಡುತ್ತಿದ್ದಳು. ಅಡುಗೆಯವನೇ ಆಗಿರುತ್ತಿದ್ದ. ನಾಲ್ಕು ಕಾದಂಬರಿಗಳಲ್ಲಿ ಹೀಗಾದ ಮೇಲೆ ಮರುಳಪ್ಪ ಮನಸ್ಸಿನಲ್ಲೇ ಓದಿಕೊಳ್ಳತೊಡಗಿದ. ಆಮೇಲಿನ ಇಪ್ಪತ್ತಾರು ವರ್ಷ ರಾಧಮ್ಮ ಆ ಪುಸ್ತಕಗಳ ಧೂಳು ಮಾತ್ರ ಹೊಡೆದಳೆಂದು ಅವನು ನಂಬಿದ್ದ.

ತ್ರಿಯಂಬಕ ನುಗ್ಗಿದ್ದು ‘ಅರಿಶಿನದ ಬೇಲಿ’ ಎಂಬ ಟಿ.ವಿ. ಧಾರಾವಾಹಿಯ ಮನೆಗೆ. ಅದರ ನಾಯಕಿ ವಸುಂಧರೆ ಆರು ವರ್ಷ, ಸಂಜೆ ಏಳಕ್ಕೆ, ತಪ್ಪದೆ ಅತ್ತವಳು. ಅವಳು ರಾಧಮ್ಮನ ಕಡೆಯವಳು. ಕಳೆದ ವರ್ಷ ಚಾನೆಲ್ಲಿನವರು ಆ ಧಾರಾವಾಹಿಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ವಸುಂಧರೆ ಒಂದು ಚೀಲ ಹಿಡಿದು ಹೊಸ್ತಿಲು ದಾಟುತ್ತಾಳೆ, ಅಷ್ಟೆ. ಎಲ್ಲಿಗೆ ಹೋದಳು, ಯಾಕೆ ಹೋದಳು, ಒಂದೂ ಇಲ್ಲ. ರಾಧಮ್ಮ ಆರಿದ ಟಿ.ವಿ. ಮುಂದೆ ಹಾಗೇ ಕೂತಿದ್ದಳು. ಅವತ್ತು ಮನೆಯಲ್ಲಿ ನಾಲ್ಕು ಜನ ನೆಂಟರಿದ್ದರು. ಮರುಳಪ್ಪ ಅವರೆಲ್ಲರ ಎದುರಿಗೆ, ಬಸ್ಸು ಕೂಗುವ ದನಿಯಲ್ಲೇ, “ಅಂತೂ ಆರು ವರ್ಷದ ಅಳು ನಿಂತಿತು. ಇನ್ನಾದ್ರೂ ನಮ್ಮನೆ ಸಾರಿಗೆ ಉಪ್ಪು ಸರಿಯಾಗಿ ಬೀಳ್ತೈತೆ” ಎಂದ. ನೆಂಟರು ನಕ್ಕರು. ರಾಧಮ್ಮನೂ ನಕ್ಕಳು. ನಾಲ್ಕನೆಯ ದಿನ, “ಅವ್ವನಿಗೆ ಮಂಡಿ ನೋವು, ಹತ್ತು ದಿನ ಇದ್ದು ಬರ್ತೀನಿ” ಎಂದು ಮೊಳಕಾಲ್ಮೂರಿಗೆ ಹೋದಳು.

ಹತ್ತು ದಿನ ಹೋಗಿ ಹನ್ನೊಂದು ತಿಂಗಳಾಗಿತ್ತು.

ಜಗಳವೇನೂ ಆಗಿರಲಿಲ್ಲ. ದಿನಾ ಫೋನು ಇತ್ತು. “ಸಿಲಿಂಡರ್ ಬಂತಾ?” “ಬಂತು. ಅವ್ವನ ಮಂಡಿ?” “ಹಂಗೇ ಐತೆ.” “ಸರಿ.” “ಸರಿ.” ಎಲ್ಲ ಸೇರಿ ನಲವತ್ತು ಸೆಕೆಂಡು. ಮೊಳಕಾಲ್ಮೂರಿನ ಬಸ್ಸನ್ನು ದಿನಕ್ಕೆ ಹದಿನಾಲ್ಕು ಸಲ ಕೂಗುತ್ತಿದ್ದ ಮರುಳಪ್ಪ ಒಂದು ಸಲವೂ ಅದನ್ನು ಹತ್ತಲಿಲ್ಲ. ಅವಳು ಬಾ ಎಂದಿರಲಿಲ್ಲ, ಇವನು ಬರಲಾ ಎಂದಿರಲಿಲ್ಲ. ಆ ಕಡೆಯಿಂದ ಬಂದ ಬಸ್ಸು ನಿಂತಾಗ ಮಾತ್ರ, ಕೊನೆಯ ಪ್ರಯಾಣಿಕ ಇಳಿದು ಬಾಗಿಲು ಖಾಲಿಯಾಗುವವರೆಗೂ ಮೈಕಿನ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಆ ಅರ್ಧ ನಿಮಿಷದಲ್ಲಿ ಹಿರಿಯೂರಿನ ಬಸ್ಸು ಹೊರಟರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಮಗಳು ಕಳಿಸಿದ ಕಥೆಯನ್ನು ಅವನು ತಪ್ಪು ಹುಡುಕಲೆಂದೇ ತೆರೆದ. ವಸುಂಧರೆ ಮನೆ ಬಿಟ್ಟ ದಿನವೇ ಆ ಮನೆಯ ವಜ್ರದ ಹಾರವೂ ಕಾಣೆಯಾಗಿದೆ, ಹುಡುಕಿಕೊಡಲು ತ್ರಿಯಂಬಕನನ್ನು ಕರೆಸಿದ್ದಾರೆ, ಹೀಗೆ ಶುರು. ಮೂರನೆಯ ಅಧ್ಯಾಯಕ್ಕೆ ಗೊಣಗುವುದು ನಿಂತಿತು. ಆರನೆಯದಕ್ಕೆ ಪಾವಗಡದ ಬಸ್ಸು ಯಾರೂ ಕೂಗದೆ ಹೊರಟುಹೋಯಿತು. ಹತ್ತನೆಯದರಲ್ಲಿ ತ್ರಿಯಂಬಕ ವಸುಂಧರೆಯ ಖಾಲಿ ಅಡುಗೆಮನೆಯಲ್ಲಿ ನಿಂತು, ಈ ಹೆಂಗಸು ನಿಂತಲ್ಲೇ ನೆಲ ಸವೆದಿದೆಯಲ್ಲ, ಒಂದು ಸಲವಾದರೂ ಕೂತು ಉಂಡಿದ್ದಳೋ ಇಲ್ಲವೋ ಎಂದು ಯೋಚಿಸುತ್ತಾನೆ. ಅದನ್ನು ಓದಿ ಮರುಳಪ್ಪ ತನ್ನ ಅಡುಗೆಮನೆಗೆ ಹೋಗಿ ನೆಲ ನೋಡಿ ಬಂದ.

ಲೇಖಕರು ಯಾರೆಂಬುದನ್ನು ತ್ರಿಯಂಬಕನ ಶಿಷ್ಯನಿಗೆ ತಕ್ಕಂತೆ ತಾನೇ ಪತ್ತೆ ಹಚ್ಚಿದ. ಆರ್.ಎಂ. ಎಂದರೆ ರಾಮಮೂರ್ತಿ. ಧಾರವಾಡದ ಕಡೆಯ ನಿವೃತ್ತ ಪ್ರೊಫೆಸರು. ಬಿಳಿ ಗಡ್ಡ ಇರಲೇಬೇಕು. ಗಂಡಸಾಗದೆ ಗಂಡಸಿನ ಒಳಗನ್ನು ಹೀಗೆ ಬರೆಯುವುದು ಸಾಧ್ಯವೇ? ಕಥೆಯ ತ್ರಿಯಂಬಕ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ. ಸೀನುವ ಮೊದಲು ಸುತ್ತಲಿನವರಿಗೆ “ತಡೀರಿ” ಎಂದು ಎಚ್ಚರಿಸುತ್ತಿದ್ದ. ಮರುಳಪ್ಪನೂ ಹಾಗೇ ಮಾಡುತ್ತಿದ್ದನಾದ್ದರಿಂದ, ದೊಡ್ಡ ಬರಹಗಾರರು ಧಾರವಾಡದಲ್ಲಿ ಕೂತೇ ಭೂಮಿಯ ಮೇಲಿನ ಎಲ್ಲ ಗಂಡಸರನ್ನೂ ಕಂಡಿರುತ್ತಾರೆಂದು ಬೆರಗಾದ. ಪ್ರತಿ ಅಧ್ಯಾಯದ ಕೆಳಗೂ ‘ಚಳ್ಳಕೆರೆಯ ಓದುಗ’ ಎಂಬ ಹೆಸರಿನಲ್ಲಿ, “ಗುರುಗಳೇ, ನಮಸ್ಕಾರ” ಎಂದು ಶುರು ಮಾಡಿ ಉದ್ದುದ್ದ ಬರೆದ. ಗುರುಗಳು ಒಂದೇ ಒಂದು ಸಲ ಉತ್ತರಿಸಿದ್ದರು: “ಓದಿದ್ದಕ್ಕೆ ಸಂತೋಷ.” ಅದನ್ನು ಅವನು ಬಸ್‌ಸ್ಟ್ಯಾಂಡಿನ ಸ್ವೀಪರನಿಂದ ಹಿಡಿದು ಎಲ್ಲರಿಗೂ ತೋರಿಸಿದ. ಇಪ್ಪತ್ತಾರನೆಯ ಅಧ್ಯಾಯ ಬಂತು. ಆಮೇಲೆ ಎರಡು ತಿಂಗಳಿಂದ ಏನೂ ಇಲ್ಲ.

ಇದನ್ನು ನಿಜವಾಗಿ ಯಾರಿಗೆ ಹೇಳಬೇಕಿತ್ತೋ ಆಕೆಗೆ ಹೇಳಲು ನಲವತ್ತು ಸೆಕೆಂಡು ಸಾಲದು. ಹಾಗಾಗಿ ಉಳಿದ ಇಡೀ ಚಳ್ಳಕೆರೆಗೆ ಹೇಳತೊಡಗಿದ.

ಕ್ಯಾಂಟೀನಿನ ಪೆದ್ದಣ್ಣ ಮೊದಲನೆಯ ಬಲಿ. “ಪೆದ್ದಣ್ಣ, ಫ್ಯಾನ್ ಫಿಕ್ಷನ್ ಅಂದ್ರೆ ಗೊತ್ತಾ?” ಎಂದು ಕೇಳಿದರೆ ಅವನು ತಲೆ ಎತ್ತಿ ಸೀಲಿಂಗ್ ನೋಡಿ, “ಗೊತ್ತಿಲ್ದೆ ಏನ್ರಿ, ಫಿಕ್ಸ್ ಮಾಡಿ ಮೂರು ತಿಂಗ್ಳಾತು, ರೆಕ್ಕೆ ತಿರುಗ್ತಾನೇ ಇಲ್ಲ” ಎಂದ.

ಉಳ್ಳಾರ್ತಿ ಕಡೆಯಿಂದ ಕುರಿ ಮಾರಲು ಬಂದು ಬಸ್ಸಿಗೆ ಕಾಯುತ್ತಿದ್ದ ಹುಲಿಯಪ್ಪನಿಗೆ ಕ್ರಾಸೋವರ್ ಎಂದರೇನೆಂದು ವಿವರಿಸಲು ಹೋದದ್ದು ಇನ್ನೂ ಕೆಟ್ಟಿತು. ಹುಲಿಯಪ್ಪ ಗಂಭೀರವಾಗಿ ಪೂರ್ತಿ ಕೇಳಿಸಿಕೊಂಡು, “ಮರುಳಪ್ಪ, ದೊಡ್ಡೋನು ಹೇಳ್ತೀನಿ ಕೇಳು. ಕ್ರಾಸ್ ಮಾಡ್ಬ್ಯಾಡ. ನಮ್ಮ ಕಾವಲಿನ ದನ ನೋಡು, ಇವತ್ತಿಗೂ ಹೆಂಗೆ ನಿಂತಾವೆ. ಕ್ರಾಸ್ ಮಾಡಿದ್ರೆ ಹಾಲು ಜಾಸ್ತಿ ಬರಬೋದು, ಬಿಸಿಲು ತಡೆಯಲ್ಲ” ಎಂದ.

“ದನ ಅಲ್ಲ ಹುಲಿಯಪ್ಪಣ್ಣ, ಕಥೆ!”

“ಯಾವ್ದಾದ್ರೇನು. ತಳಿ ತಳಿನೇ.”

ಇಂಥ ಊರಿನಲ್ಲಿ ಒಬ್ಬನೇ ಓದುಗನಾಗಿ ಬದುಕುವುದು ಎಂಥ ಬೆಂಗಾಡೆಂದು ಬಲ್ಲವರೇ ಬಲ್ಲರು.

ಅನಾಹುತವಾದದ್ದು ಒಂದು ಗುರುವಾರ. ಮೂರು ಗಂಟೆ ಹನ್ನೆರಡು ನಿಮಿಷ. ಮರುಳಪ್ಪ ಮೈಕಿನ ಗುಂಡಿ ಒತ್ತಿ, “ತಳಕು, ಹಿರೇಹಳ್ಳಿ, ಬಿ.ಜಿ. ಕೆರೆ ಮಾರ್ಗವಾಗಿ ಮೊಳಕಾಲ್ಮೂರಿಗೆ ಹೋಗುವ ಮೂರೂ ಇಪ್ಪತ್ತರ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ” ಎಂದು ಕೂಗಿ ಕೈ ಬಿಟ್ಟ. ಗುಂಡಿ ಮೇಲೆ ಬರಲಿಲ್ಲ, ಸಿಕ್ಕಿಕೊಂಡಿತು. ಅವನು ನೋಡಲಿಲ್ಲ. ಪೆದ್ದಣ್ಣ ಟೀ ಹಿಡಿದು ಒಳಗೆ ಬಂದು, ಯಾವ ಜನ್ಮದ ಪುಣ್ಯವೋ, ತಾನಾಗಿಯೇ ಕೇಳಿದ: “ಎಲ್ಲಿಗೆ ಬಂತ್ರಿ ನಿಮ್ಮ ವಸುಂಧರೆ ಕಥೆ?”

ಎಂಟು ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ಕೇಳಿದ್ದ. ಮರುಳಪ್ಪ ಟೀಯನ್ನು ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು, ಹನ್ನೆರಡು ಧ್ವನಿವರ್ಧಕಗಳಲ್ಲಿ ಕಥೆ ಹೇಳಿದ.

“ಬಸ್ಸಲ್ಲಿ ಕೂತವ್ಳೆ ಕಣೋ. ಕಿಟಕಿ ಪಕ್ಕ. ಅಳ್ತಾ ಕೂತವ್ಳೆ. ತೊಡೆ ಮೇಲೆ ಒಂದು ಚೀಲ ಐತೆ. ವಜ್ರದ ಹಾರ ಆ ಚೀಲದಾಗೇ ಐತೆ ಅಂತ ಎಲ್ಲರಿಗೂ ಅನುಮಾನ. ಮನೇಲಿ ಒಬ್ರಿಗೂ ಹೇಳಿಲ್ಲ. ಬಸ್ಸು ಇನ್ನೇನು ಹೊರಡ್ತೈತೆ. ಅಯ್ಯೋ, ಯಾರಾದ್ರೂ ತಡೀಬಾರ್ದಾ ಅನ್ಸುತ್ತೆ!”

ಬಸ್‌ಸ್ಟ್ಯಾಂಡು ಸ್ತಬ್ಧವಾಯಿತು. ಸೌತೆಕಾಯಿ ಮಾರುವವರು ಬುಟ್ಟಿ ಇಳಿಸಿದರು. ಮರುಳಪ್ಪ ಮುಂದುವರಿಸಿದ, ಆದರೆ ದನಿ ಸ್ವಲ್ಪ ತಗ್ಗಿತ್ತು.

“ನಾನು ಆರು ವರ್ಷ ಆ ಹೆಂಗಸಿನ ಅಳು ನೋಡಿ ನಕ್ಕೋನು ಕಣೋ ಪೆದ್ದಣ್ಣ. ನಾಲ್ಕು ಜನದ ಮುಂದೆ ನಕ್ಕೆ. ಈ ಪುಣ್ಯಾತ್ಮ ಬರ್ದಿದ್ದು ಓದಿದ ಮೇಲೆ ಗೊತ್ತಾತು, ನಗಬಾರ್ದಿತ್ತು. ಇಷ್ಟು ಚೆನ್ನಾಗಿ ಬರ್ದಿರೋದ್ನ ನಾನು ಓದೇ ಇಲ್ಲ. ನೀನೂ ಓದು. ಎಲ್ರೂ ಓದ್ಬೇಕು.”

ಎರಡನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲನೆಯದನ್ನು ಕೇಳಿದವರೆಲ್ಲ ಆಗಲೇ ಮೊಬೈಲು ಕಿವಿಗಿಟ್ಟುಕೊಂಡು ಎರಡನೇ ಅಂಕಣದ ಕಡೆ ಓಡುತ್ತಿದ್ದರು. ಅಷ್ಟರಲ್ಲಿ ಹೊರಗಿನ ಗಲಾಟೆ ನೋಡಿ ಹೆದರಿದ ಡ್ರೈವರು ಐದು ನಿಮಿಷ ಮೊದಲೇ ಬಸ್ಸು ಬಿಟ್ಟುಬಿಟ್ಟಿದ್ದ. ಅದು ಇನ್ನೊಂದು ಅನುಮಾನಕ್ಕೆ ಕಾರಣವಾಯಿತು. ಈ ದಾರಿಯ ಬಸ್ಸು ಹೊತ್ತಿಗೆ ಮೊದಲೇ ಹೊರಟದ್ದನ್ನು ಕಂಡವರು ಯಾರೂ ಇರಲಿಲ್ಲ.

ಬಸ್ಸಿಗಿಂತ ಸುದ್ದಿ ಬೇಗ ಓಡಿತು. ತಳಕು ತಲುಪುವ ಹೊತ್ತಿಗೆ ವಜ್ರದ ಹಾರ ಒಂದಿದ್ದದ್ದು ಮೂರಾಗಿತ್ತು. ಹಿರೇಹಳ್ಳಿಯಲ್ಲಿ ಅದು ಎರಡು ಕೆ.ಜಿ. ಬಂಗಾರ. ಅಲ್ಲಿಂದ ಮುಂದೆ ಯಾರಿಗೋ ಸರ್ಕಾರ ಬೇಲಿ ಹಾಕಿದ ಹುಲ್ಲುಗಾವಲು, ಅದರೊಳಗಿನ ರಕ್ಷಣಾ ಸಂಶೋಧನೆಯ ದೊಡ್ಡ ದೊಡ್ಡ ಕಟ್ಟಡಗಳು ನೆನಪಾದವು. ಬಿ.ಜಿ. ಕೆರೆಗೆ ಸುದ್ದಿ ತಲುಪಿದಾಗ ಆ ಹೆಂಗಸು ಹೆಂಗಸೇ ಅಲ್ಲ, ಸೀರೆ ಉಟ್ಟ ಗೂಢಚಾರ, ಚೀಲದಲ್ಲಿರುವುದು ದೇಶದ ನಕ್ಷೆ ಎಂದಾಗಿತ್ತು. ಗ್ರಾಮ ಪಂಚಾಯ್ತಿ ಸದಸ್ಯೆ ಶಿವಬಸಮ್ಮ ಊಟದ ಕೈ ತೊಳೆಯದೆ ಎದ್ದು ಬಂದು, ಶೇಂಗಾ ಹೊಟ್ಟಿನ ಟ್ರ್ಯಾಕ್ಟರೊಂದನ್ನು ರಸ್ತೆಗೆ ಅಡ್ಡ ನಿಲ್ಲಿಸಿದಳು.

ಇತ್ತ ಬಸ್‌ಸ್ಟ್ಯಾಂಡಿನ ಮೇಲ್ವಿಚಾರಕ ಕಿರಣ್‌ಕುಮಾರ್, ಇಪ್ಪತ್ತೊಂಬತ್ತರ ಚುರುಕು ಅಧಿಕಾರಿ, ಆ ಬಸ್ಸಿನ ಬೆನ್ನು ಹತ್ತಲು ಮರುಳಪ್ಪನನ್ನು ಜೀಪಿಗೆ ಹತ್ತಿಸಿದ್ದ. ಬಾಯಲ್ಲಿ ಬರುವ ಇಂಗ್ಲಿಷನ್ನೆಲ್ಲ ಮುಗಿಸಿಕೊಂಡ ಮೇಲೆ, “ಲಿಖಿತ ವಿವರಣೆ ಕೊಡಬೇಕು ನೀವು. ಮೂರು ಪ್ರತಿ” ಎಂದ.

“ಕೊಡ್ತೀನಿ ಸರ್.”

ತಳಕು ದಾಟಿತು. ಎರಡೂ ಕಡೆ ಬಿಸಿಲಿಗೆ ಬಿದ್ದ ಕರಿನೆಲ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಕಿರಣ್‌ಕುಮಾರ್ ಒಮ್ಮೆ ಕೆಮ್ಮಿದ.

“ಅಲ್ಲಾ, ಆ ಹಾರ ನಿಜವಾಗ್ಲೂ ಅವಳೇ ತಗೊಂಡಿದ್ಲಾ?”

“ಅದನ್ನ ನಾನು ಹೇಳ್ಬಾರ್ದು ಸರ್. ಓದೇ ತಿಳ್ಕೋಬೇಕು.”

“ನಿಮ್ಮ ಮೇಲಧಿಕಾರಿ ಕೇಳ್ತಿದೀನಿ.”

“ಯಾರು ಕೇಳಿದ್ರೂ ಅಷ್ಟೇ ಸರ್. ಓದೋರ ಸುಖ ಹಾಳು ಮಾಡ್ಬಾರ್ದು.”

ಕಿರಣ್‌ಕುಮಾರ್ ಮೂರು ಪ್ರತಿಯನ್ನು ಐದಕ್ಕೆ ಏರಿಸಿದ.

ಬಿ.ಜಿ. ಕೆರೆಯಲ್ಲಿ ಬಸ್ಸಿನ ಸುತ್ತ ಇನ್ನೂರು ಜನ ಸೇರಿದ್ದರು. ಬಾಗಿಲಲ್ಲಿ ಕಂಡಕ್ಟರ್ ದುರುಗೇಶ್ ಎರಡೂ ಕೈ ಚಾಚಿ ಅಡ್ಡ ನಿಂತು, “ಟಿಕೆಟ್ ತಗೊಂಡೋರು ನಮ್ಮ ಜವಾಬ್ದಾರಿ! ಯಾರೂ ಮುಟ್ಟಂಗಿಲ್ಲ!” ಎಂದು ಕಿರುಚುತ್ತಿದ್ದ. ಕಿಟಕಿ ಪಕ್ಕ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಅಳುತ್ತಾ ಕೂತಿದ್ದ ಹೆಂಗಸು ಇಡೀ ಬಸ್ಸಿನಲ್ಲಿ ಒಬ್ಬಳೇ ಇದ್ದದ್ದು ಅವರ ಪಾಲಿಗೆ ಸಾಕ್ಷಿ. ಚೀಲದಿಂದ ಎಳೆದುಕೊಂಡ ಕಪ್ಪು ಹಾಳೆಯೊಂದನ್ನು ಶಿವಬಸಮ್ಮ ಸೂರ್ಯನಿಗೆ ಹಿಡಿದು ಪರೀಕ್ಷಿಸುತ್ತಿದ್ದಳು. ಹತ್ತು ತಲೆಗಳು ಅವಳ ಹೆಗಲ ಮೇಲಿದ್ದವು.

“ಇದೇ ಮ್ಯಾಪು. ಇಲ್ಲಿ ನೋಡು, ಎರಡು ರಸ್ತೆ ಬಂದು ಸೇರ್ತಾವೆ. ಮಧ್ಯ ಈ ಗುಂಡು ಕಟ್ಟಡ ಐತಲ್ಲ, ಅದೇ ಆಫೀಸು.”

“ಅದು ಮಂಡಿ ಚಿಪ್ಪು ಕಣಕ್ಕ!” ಎಂದು ಬಸ್ಸಿನೊಳಗಿಂದ ಅಳುವಿನ ನಡುವೆಯೇ ದನಿ ಬಂತು. “ನಮ್ಮವ್ವಂದು. ಎಕ್ಸ್‌ರೇ. ಡಾಕ್ಟ್ರಿಗೆ ತೋರ್ಸಿ ಬರ್ತಿದೀನಿ.”

ಮರುಳಪ್ಪ ಜೀಪಿನಿಂದ ಇಳಿಯುತ್ತಿದ್ದವನು ಒಂದು ಕಾಲು ನೆಲದ ಮೇಲೆ, ಒಂದು ಕಾಲು ಜೀಪಿನಲ್ಲಿ ಹಾಗೇ ನಿಂತ. ಆ ದನಿಯನ್ನು ಹನ್ನೊಂದು ತಿಂಗಳಿಂದ ದಿನಕ್ಕೆ ನಲವತ್ತು ಸೆಕೆಂಡು ಕೇಳಿದ್ದ. ಜನರ ನಡುವೆ ತೂರಿ, ದುರುಗೇಶನ ಕಂಕುಳ ಕೆಳಗೆ ಬಗ್ಗಿ ಬಸ್ಸು ಹತ್ತಿದ.

“ರಾಧಾ?”

ರಾಧಮ್ಮ ಸೆರಗಿನಿಂದ ಮೂಗೊರೆಸಿಕೊಂಡು, “ಬಂದ್ರಾ” ಎಂದಳು. ಪಡಸಾಲೆಯಲ್ಲಿ ಕೂತವಳು ಸಂಜೆ ಕೆಲಸದಿಂದ ಬಂದವನಿಗೆ ಹೇಳುವ ಹಾಗೆ.

“ನೀನು ಚಳ್ಳಕೆರೆಗೆ ಬಂದಿದ್ಯಾ?”

“ತಿಂಗಳಿಗೊಂದ್ಸಲ ಬರ್ತೀನಿ. ಡಾಕ್ಟ್ರ ಹತ್ರ.”

“ತಿಂಗಳಿಗೊಂದ್ಸಲ! ನಂಗೆ ಕಾಣ್ಲೇ ಇಲ್ವಲ್ಲ!”

“ಬರುವಾಗ ಆಸ್ಪತ್ರೆ ಹತ್ರಾನೇ ಇಳ್ಕೋತೀನಿ. ಹೋಗುವಾಗ ಬಸ್ಸಲ್ಲಿ ಕೂತು ನಿಮ್ಮ ಕೂಗು ಕೇಳ್ಕೊಂಡು ಹೋಗ್ತೀನಿ. ಅಷ್ಟೂ ಊರ ಹೆಸರು ಕೂಗ್ತೀರಿ.” ಅವಳು ಕಿಟಕಿಯ ಕಡೆ ತಿರುಗಿದಳು. “ಇವತ್ತು ಮಾತ್ರ ಬೇರೇದು ಹೇಳಿದ್ರಿ.”

“ಅದಕ್ಕೆ ಯಾಕೆ ಅಳು?”

ಪ್ರಶ್ನೆ ಮರುಳಪ್ಪನದು. ಆದರೆ ಉತ್ತರಕ್ಕೆ ಕಿಟಕಿಗಳಲ್ಲಿ ಜೋತುಬಿದ್ದ ಇನ್ನೂರು ಜನವೂ ಕಾಯುತ್ತಿದ್ದರು. ರಾಧಮ್ಮ ಅಷ್ಟೂ ಮುಖಗಳನ್ನು ಒಮ್ಮೆ ನೋಡಿ, ಇನ್ನು ಮುಚ್ಚಿಡುವುದು ಏನಿದೆ ಎಂಬಂತೆ, “ಅದನ್ನ ಬರ್ದೋಳು ನಾನೇ” ಎಂದಳು.

ಮರುಳಪ್ಪ ನಕ್ಕ. ಪಾಪ, ಗಾಬರಿಯಲ್ಲಿ ಏನೋ ಹೇಳುತ್ತಿದ್ದಾಳೆ ಎಂದು ಕರುಣೆಯಿಂದ ನಕ್ಕ. “ಹಂಗೆಲ್ಲ ಹೇಳ್ಬಾರ್ದು ರಾಧಾ. ಅವ್ರು ಪ್ರೊಫೆಸರು. ಆರ್.ಎಂ. ಅಂದ್ರೆ ರಾಮಮೂರ್ತಿ.”

“ರಾಧಮ್ಮ ಮರುಳಪ್ಪ ಅಂದ್ರೂ ಆರ್.ಎಂ. ಅಲ್ವಾ?”

ಹೊರಗೆ ಯಾರೋ, “ಹೌದಲ್ಲ” ಎಂದರು.

ಆದರೆ ಮರುಳಪ್ಪ ಅಷ್ಟು ಸುಲಭಕ್ಕೆ ಬಿಡುವ ಓದುಗನಲ್ಲ. ಹೆಂಡತಿ ಹೌದೋ ಅಲ್ಲವೋ ಬೇರೆ ಮಾತು, ಸಾಹಿತ್ಯದ ವಿಷಯದಲ್ಲಿ ಸಾಕ್ಷಿ ಬೇಕು. ಅವನು ಎದುರಿನ ಸೀಟಿನಲ್ಲಿ ಕೂತು ವಿಚಾರಣೆ ಆರಂಭಿಸಿದ. “ಮೂರನೇ ಅಧ್ಯಾಯದಾಗೆ ತ್ರಿಯಂಬಕ ಮೊದಲು ಅನುಮಾನ ಪಟ್ಟಿದ್ದು ಯಾರ ಮೇಲೆ?”

“ಅಡುಗೆಯವ್ನ ಮೇಲೆ. ಪ್ರತಿ ಸಲ ಅವ್ನೇ ಯಾಕಾಗ್ಬೇಕು ಅಂತ ಬಿಟ್ಬಿಟ್ಟೆ.”

“ಹದಿನಾಲ್ಕನೇ ಅಧ್ಯಾಯದಾಗೆ ಅವ್ನ ಕನ್ನಡಕ ಕಳೀತೈತೆ. ಊರೆಲ್ಲ ಹುಡುಕ್ತಾನೆ. ಎಲ್ಲಿತ್ತು?”

“ಫ್ರಿಜ್ಜಿನ ಮೇಲೆ” ಎಂದಳು ರಾಧಮ್ಮ. “ಇನ್ನೆಲ್ಲಿರ್ತೈತೆ ನಿಮ್ಮ ಕನ್ನಡಕ.”

ಮರುಳಪ್ಪನ ಕೈ ತಾನಾಗಿಯೇ ಮೂಗಿನ ಮೇಲೆ ಹೋಯಿತು. ಅಲ್ಲಿ ಕನ್ನಡಕ ಇರಲಿಲ್ಲ. ಬೆಳಗ್ಗೆಯಿಂದ ಹುಡುಕುತ್ತಿದ್ದ.

ಒದ್ದೆ ಟವೆಲು, ಸೀನು, ಸವೆದ ನೆಲ, ಒಂದೊಂದೇ ಬಂದು ಎದುರಿಗೆ ಕೂತವು. ಧಾರವಾಡದ ಬಿಳಿ ಗಡ್ಡ ಎಲ್ಲೋ ಕರಗಿಹೋಯಿತು. ಎಂಟು ತಿಂಗಳಿಂದ ತಾನು “ಗುರುಗಳೇ, ನಮಸ್ಕಾರ” ಎಂದು ಯಾರಿಗೆ ಬರೆಯುತ್ತಿದ್ದೆ ಎಂದು ಹೊಳೆದಾಗ ಕಿವಿಯ ತುದಿ ಕೆಂಪಾಯಿತು.

“ನೀನು ಆ ಪುಸ್ತಕಗಳನ್ನೆಲ್ಲ ಓದಿದ್ಯಾ?”

“ತೊಂಬತ್ತೆಂಟೂ. ನೀವು ಡ್ಯೂಟಿಗೆ ಹೋದ್ಮೇಲೆ.”

“ಚಳ್ಳಕೆರೆಯ ಓದುಗ ನಾನೇ ಅಂತ ಗೊತ್ತಿತ್ತಾ?”

“ಸ್ವಪ್ನಂಗೆ ನಾನೇ ಹೇಳಿದ್ದು, ಅಪ್ಪಂಗೆ ಕಳ್ಸು ಅಂತ” ಎಂದಳು. “ಓದ್ತೀರೋ ಇಲ್ವೋ ಅಂತ ಇತ್ತು. ನೀವು ಕಥೆ ಚೆನ್ನಾಗೈತೆ ಅಂತ ಬರೀತಿದ್ರಿ. ವಸುಂಧರೆ ವಿಷಯ ಒಂದು ಮಾತೂ ಬರೀಲಿಲ್ಲ. ಬರೀ ಹಾರ ಎಲ್ಲೋಯ್ತು, ಹಾರ ಎಲ್ಲೋಯ್ತು. ಅದಕ್ಕೇ ನಿಲ್ಸಿದ್ದೆ.”

ಈ ಮಾತಿಗೆ ಶಿವಬಸಮ್ಮ ಕಿಟಕಿಯಿಂದ ತಲೆ ತೂರಿಸಿದಳು. “ಹಂಗಾದ್ರೆ ಈಗ ಹಾರ ಎಲ್ಲೈತಮ್ಮ?”

“ಇನ್ನೂ ಬರ್ದಿಲ್ಲ ಕಣಕ್ಕ.”

ಇನ್ನೂರು ಜನಕ್ಕೂ ಒಟ್ಟಿಗೆ ನಿರಾಸೆಯಾಯಿತು. ಬಂಗಾರ ಇಲ್ಲ, ಗೂಢಚಾರ ಇಲ್ಲ, ಕೊನೆಗೆ ಕಥೆಯೂ ಪೂರ್ತಿ ಇಲ್ಲ. ಶಿವಬಸಮ್ಮ ಎಕ್ಸ್‌ರೇ ಹಾಳೆಯನ್ನು ವಾಪಸು ಕೊಟ್ಟು, “ಬರೆಯೋರು ಮುಗ್ಸಿ ಆಮೇಲೆ ಬಸ್ಸು ಹತ್ಬೇಕು” ಎಂದು ಎಚ್ಚರಿಸಿ ಟ್ರ್ಯಾಕ್ಟರು ಸರಿಸಿದಳು. ಕಿರಣ್‌ಕುಮಾರ್ ಬಸ್ಸಿನ ಮೆಟ್ಟಿಲ ಬಳಿ ಬಂದು, “ಮರುಳಪ್ಪ, ಹೊರಡೋಣ, ಡ್ಯೂಟಿ ಟೈಮು” ಎಂದ. ಮರುಳಪ್ಪ ಹೆಂಡತಿಯ ಕಡೆ ನೋಡಿದ. ಅವಳು ಚೀಲವನ್ನು ತೊಡೆಯಿಂದ ಎತ್ತಿ ಕಾಲ ಬಳಿ ಇಟ್ಟು ಕಿಟಕಿಯ ಕಡೆ ಒಂದು ಗೇಣು ಸರಿದಳು.

“ಸರ್, ವಿವರಣೆ ಹತ್ತು ಪ್ರತಿ ಕೊಡ್ತೀನಿ” ಎಂದು ಮರುಳಪ್ಪ ಆ ಜಾಗದಲ್ಲಿ ಕೂತುಬಿಟ್ಟ.

ಬಸ್ಸು ಹೊರಟಿತು. ಮೊಳಕಾಲ್ಮೂರಿನ ಬಂಡೆಗುಡ್ಡಗಳು ಕಾಣತೊಡಗಿದವು. ಆಮೇಲೆ ಅವಳೇ ಕೇಳಿದಳು. “ನಿಜವಾಗ್ಲೂ ಚೆನ್ನಾಗೈತಾ?”

ಎಂಟು ತಿಂಗಳು ಊರಿಗೆಲ್ಲ ಆ ಕಥೆಯನ್ನು ಹೊಗಳಿದ ನಾಲಿಗೆ ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು. “ಒಂಬತ್ತನೇ ಅಧ್ಯಾಯದಾಗೆ ಅವಳು ಬೆಳಗ್ಗೆ ಏಳೂವರೆಗೆ ಚಳ್ಳಕೆರೇಲಿ ಬಸ್ಸು ಹತ್ತಾಳೆ” ಎಂದ. “ಏಳೂವರೆಗೆ ಬಸ್ಸಿಲ್ಲ. ಏಳೂ ನಲವತ್ತು.”

“ಅದು ಕಥೆ ರೀ!”

“ಆದ್ರೂ ಹತ್ತು ನಿಮಿಷ ಅವಳು ಬಿಸಿಲಲ್ಲಿ ನಿಂತಿರ್ತಾಳಲ್ಲ” ಎಂದ ಮರುಳಪ್ಪ.

ರಾಧಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ದುರುಗೇಶ್ ಬಂದು ಟಿಕೆಟ್ ಎಂದು ಕೇಳಿದವನು, ಅವಳ ಮುಖ ನೋಡಿ ಮುಂದಿನ ಸೀಟಿಗೆ ಹೋದ.

ಮೊಳಕಾಲ್ಮೂರಿನಲ್ಲಿ ನೇಕಾರರ ಬೀದಿಯ ಕೊನೆಯ ಮನೆ. ಎದುರು ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ರಾಧಮ್ಮನ ತಾಯಿ ಕೆಂಚಕ್ಕ ಜಗಲಿಯ ಮಂಚದ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಎಪ್ಪತ್ತೈದು ದಾಟಿದ್ದರೂ ಕಣ್ಣು ಚುರುಕು. ರಾಧಮ್ಮ ಪ್ರತಿ ಅಧ್ಯಾಯವನ್ನೂ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದದ್ದು ಇದೇ ಮಂಚದ ಮೇಲೆ ಕೂತು. ಹಾಗಾಗಿ ಇಡೀ ಲೋಕದಲ್ಲಿ ಆ ಕಥೆಯನ್ನು ಮೊದಲು ಕೇಳಿದವಳು ಈಕೆ. ಅಳಿಯ ಬಂದದ್ದು ಕಂಡು ಅವಳೇನೂ ಎದ್ದೇಳಲಿಲ್ಲ.

“ಬಂದ್ನಾ ನಿನ್ನ ಪತ್ತೇದಾರ?” ಎಂದಳು ಮಗಳಿಗೆ. ಆಮೇಲೆ ಮರುಳಪ್ಪನಿಗೆ, “ನಾನು ಮೊದಲ್ನಿಂದ್ಲೂ ಹೇಳ್ತಿದೀನಿ, ಆ ಮನುಷ್ಯ ಬ್ಯಾಡ, ಸಾಯ್ಸಿಬಿಡು ಅಂತ. ಕನ್ನಡಕ ಹುಡ್ಕಕ್ಕೆ ಬರಲ್ಲ, ಅವ್ನು ಹೆಂಗಸ್ರನ್ನ ಏನು ಹುಡುಕ್ತಾನೆ? ನನ್ನ ಮಾತು ಎಲ್ಲಿ ಕೇಳ್ತಾಳೆ!” ಸಿಟ್ಟು ಏರಿದಾಗ ಅವಳಿಗೆ ತೆಲುಗು ಬರುತ್ತಿತ್ತು. “ವಾಣ್ಣಿ ಚಂಪೇಯವೇ!” ಎಂದು ಮಂಚ ಕುಟ್ಟಿದಳು. ಅವನನ್ನು ಕೊಂದುಬಿಡೇ!

ಮರುಳಪ್ಪ ಚಪ್ಪಲಿ ಬಿಡುವುದನ್ನೂ ಮರೆತು ತ್ರಿಯಂಬಕನ ಪರವಾಗಿ ವಕಾಲತ್ತು ವಹಿಸಿದ. “ಹಂಗನ್ಬ್ಯಾಡಿ ಅತ್ತೆ. ಅವ್ನು ಕೆಟ್ಟೋನಲ್ಲ. ಸ್ವಲ್ಪ ನಿಧಾನ. ಸುಳಿವು ಕಣ್ಣೆದುರಿಗಿದ್ರೂ ಕಾಣಲ್ಲ, ಅಷ್ಟೇ. ಹನ್ನೆರಡ್ನೇ ಅಧ್ಯಾಯದಾಗೆ ಅವಳ ತಟ್ಟೆ ತೊಳೆದಿಡ್ತಾನೆ ನೋಡ್ರಿ. ಇಪ್ಪತ್ತನೇದ್ರಾಗೆ ಮಳೇಲಿ ನಿಲ್ತಾನೆ. ಇನ್ನೊಂದು ಅವಕಾಶ ಕೊಟ್ರೆ ಸುಧಾರಿಸ್ತಾನೆ.”

“ಎಪ್ಪತ್ತೈದು ವರ್ಷದಾಗೆ ಸುಧಾರ್ಸಿದೋನ್ನ ನಾನು ನೋಡಿಲ್ಲ.”

“ಕಥೇಲಿ ಆಗ್ತೈತೆ ಅತ್ತೆ!”

ಎದುರು ಮನೆಯ ಮಗ್ಗ ನಿಂತಿತು. ನೇಯುವವರು ಕಿಟಕಿಗೆ ಬಂದಿದ್ದರು. ರಾಧಮ್ಮ ಟೀ ತಂದಿಟ್ಟಳು. ಬೆಲ್ಲದ ಟೀ. ಮರುಳಪ್ಪ ಕುಡಿಯುವವರೆಗೂ ನಿಂತಿದ್ದು, “ಸಾಯ್ಸಲ್ಲ ಅವ್ವ” ಎಂದಳು. “ಆದ್ರೆ ಈಗ್ಲೇ ಅವನ ಕೈಗೆ ಅವಳನ್ನ ಸಿಗ್ಸೋದೂ ಇಲ್ಲ. ಇನ್ನೂ ಸ್ವಲ್ಪ ದಿನ ಹುಡುಕ್ಲಿ.”

ಕೊನೆಯ ಬಸ್ಸಿನ ಹೊತ್ತಾಯಿತು. ಬೆಳಗ್ಗೆ ಐದೂವರೆಗೆ ಮೈಕಿನ ಮುಂದೆ ಇರಬೇಕು, ಹತ್ತು ಪ್ರತಿ ವಿವರಣೆ ಬೇರೆ ಬಾಕಿ. ರಾಧಮ್ಮ ಬೀದಿಯ ತುದಿಯವರೆಗೂ ಬಂದಳು. ಬಸ್ಸು ಆಗಲೇ ನಿಂತಿತ್ತು. ಡ್ರೈವರು ಹಾರನ್ ಹೊಡೆದ.

“ಸ್ವಲ್ಪ ದಿನ ಅಂದ್ರೆ ಎಷ್ಟು ದಿನ?” ಎಂದು ಮರುಳಪ್ಪ ಕೇಳಿದ.

“ಇನ್ನು ಆರು ಅಧ್ಯಾಯ ಐತೆ.”

“ಆರಾ! ದಿನಕ್ಕೊಂದು ಬರ್ದ್ರೆ ಒಂದು ವಾರದಾಗೆ ಮುಗೀತೈತೆ. ನಾನು ಬೇಕಾದ್ರೆ ರಜಾ ಹಾಕಿ ಬಂದು ಕೂತ್ಕೋತೀನಿ, ನೀನು ಹೇಳು, ನಾನು ಬರ್ಕೋತೀನಿ.”

“ಅವಸರ ಮಾಡಿದ್ರೆ ಕೆಡ್ತೈತೆ ರೀ” ಎಂದಳು ರಾಧಮ್ಮ. ಅವಳು ನಗುತ್ತಿರಲಿಲ್ಲ. “ಹೆಂಗೋ ಒಂದು ಬರ್ದು ಮುಗ್ಸಲಾ? ನೀವೇ ಹೇಳ್ರಿ. ನೀವು ಹೇಳಿದ್ರೆ ಹಂಗೇ ಬರೀತೀನಿ.”

ಮರುಳಪ್ಪ ಬಾಯಿ ತೆರೆದ. ಹೆಂಗೋ ಒಂದು ಬರಿ, ಕೆಟ್ಟದಾಗೇ ಬರಿ, ನಾಳೆಯೇ ಮುಗಿಸಿ ಮನೆಗೆ ಬಾ ಎನ್ನುವುದು ತುಟಿಯವರೆಗೂ ಬಂದಿತ್ತು. ಆದರೆ ಚೆನ್ನಾಗಿ ಬರೆದದ್ದಕ್ಕಾಗಿ ಊರೆಲ್ಲ ಬಾಯಿ ಬಡಿದುಕೊಂಡು, ಒಂದು ಬಸ್ಸನ್ನೇ ರಸ್ತೆಯ ನಡುವೆ ನಿಲ್ಲಿಸಿದ ಮನುಷ್ಯ ಆ ಮಾತು ಹೇಗೆ ಆಡುತ್ತಾನೆ?

“ಬ್ಯಾಡ” ಎಂದ. “ಚೆನ್ನಾಗೇ ಬರಿ.”

ಅಷ್ಟು ಹೇಳುವುದಕ್ಕೆ ಅವನಿಗೆ ಡ್ರೈವರು ಇನ್ನೆರಡು ಸಲ ಹಾರನ್ ಹೊಡೆಯುವಷ್ಟು ಹೊತ್ತು ಬೇಕಾಯಿತು.